ನೆರಳಲ್ಲೂ ಬದುಕುವ ಗಿಡ

"ಅದು ಬೇಡ! ನಿಮ್ಮನೇಲಿ ಅದು ಸತ್ತುಹೋಗುತ್ತೆ!"

ತನುಜಾ ಬೆಚ್ಚಿ ತಿರುಗಿದಳು. ಸವಳಂಗ ರಸ್ತೆಯ ನರ್ಸರಿಯಲ್ಲಿ ಅವಳು ಆಗಷ್ಟೇ ಪಾಮ್ ಗಿಡದ ಕುಂಡವೊಂದನ್ನು ಎತ್ತಿಕೊಂಡಿದ್ದಳು. ಎದುರಿಗೆ ಕನ್ನಡಕ ಹಾಕಿದ ಅಪರಿಚಿತ!

"ಕ್ಷಮಿಸಿ... ಮನೆಗೆ ಬಿಸಿಲು ಬರಲ್ಲ ಅಂತ ನರ್ಸರಿಯವರಿಗೆ ಹೇಳ್ತಿದ್ರಲ್ಲ, ಕೇಳಿಸ್ತು. ಅದಕ್ಕೆ ಬೆಳಕು ಜಾಸ್ತಿ ಬೇಕು. ಈ ಲೇಡಿ ಪಾಮ್ ತಗೊಳ್ಳಿ. ನೆರಳಲ್ಲೂ ಬದುಕುತ್ತೆ."

'ನನ್ನ ಹಾಗೆ...' ಅಂದುಕೊಂಡಳು ತನುಜಾ.

ಅದು ತೊಂಬತ್ತೆಂಟನೇ ಇಸವಿ. ಅಮ್ಮ ತೀರಿಹೋದ ಮೇಲೆ ವಿದ್ಯಾನಗರದ ಮಹಡಿ ಮನೆಯಲ್ಲಿ ಅವಳೊಬ್ಬಳೇ. ಆಫೀಸಿನಿಂದ ಬಂದು ಬೀಗ ತೆಗೆದರೆ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇನ್ನೊಂದು ಜೀವ ಜೊತೆಗಿರಲೆಂದೇ ಗಿಡ ಕೊಳ್ಳಲು ಬಂದಿದ್ದಳು.

ಅವನ ಹೆಸರು ಶಿವಯೋಗಿ. ಭದ್ರಾವತಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ತೀರಿಕೊಂಡ ಹೆಂಡತಿ ಬೆಳೆಸಿದ ಪಾಮ್ ಗಿಡಗಳನ್ನು ಈಗ ಅವನೇ ನೋಡಿಕೊಳ್ಳುತ್ತಿದ್ದ. ಏನಾದರೂ ಆದರೆ ಕೇಳಿ ಎಂದು ಮನೆಯ ಫೋನ್ ನಂಬರ್ ಕೊಟ್ಟ.

ಭಾನುವಾರ ಬಂದರೆ ತನುಜಾ ಎಸ್‌ಟಿಡಿ ಬೂತಿನಲ್ಲಿರುತ್ತಿದ್ದಳು. ಎಲೆಗೆ ಧೂಳು ಕೂತಿದೆ, ಏನು ಮಾಡಲಿ? ಒದ್ದೆ ಬಟ್ಟೆಯಲ್ಲಿ ಒರೆಸಿ. ಕುಂಡ ಬದಲಿಸಲೇ? ಬೇಡ, ಬೇರು ಇಕ್ಕಟ್ಟಾದರೂ ತಡೆಯುತ್ತೆ. ಗಿಡದ ಮಾತು ಮುಗಿದರೂ ಫೋನ್ ಇಡಲು ಇಬ್ಬರಿಗೂ ಮನಸ್ಸಿರುತ್ತಿರಲಿಲ್ಲ.

ಒಂದು ದಿನ ಅವಳು ಗಾಬರಿಯಲ್ಲಿದ್ದಳು. "ಎಲೆ ಹಳದಿ ಆಗ್ತಿದೆ! ದಿನಾ ನೀರು ಹಾಕ್ತಿದ್ದೀನಲ್ಲ..."

ಅವನ ದನಿ ಭಾರವಾಗಿತ್ತು. "ಇಷ್ಟು ಹಚ್ಚಿಕೊಳ್ಳಬಾರದು ತನುಜಾ ಅವರೇ. ಸ್ವಲ್ಪ ದೂರ ಇದ್ದುಬಿಡಿ."

'ಗಿಡದ ನೆಪದಲ್ಲಿ ತಮ್ಮಿಂದಲೇ ದೂರ ಇರು ಅಂದರು...' ರಿಸೀವರ್ ಇಟ್ಟವಳು ಮತ್ತೆ ಬೂತಿನ ಕಡೆ ಹೋಗಲಿಲ್ಲ.

ನೀರು ಹಾಕುವುದೂ ಕಡಿಮೆಯಾಯಿತು. ಭಾನುವಾರಗಳು ಮಾತಿಲ್ಲದೆ ಕಳೆದವು.

ಅಂಥದೇ ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ಗಿಡದ ನಡುವೆ ಎಳೆ ಹಸಿರಿನ ಸುಳಿ! ಅವಳು ಖುಷಿಯಿಂದ ಕೂಗಲು ಬಾಯಿ ತೆರೆದಳು.

ಯಾರನ್ನು ಕೂಗುವುದು?

ಅಲ್ಲೇ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಭದ್ರಾವತಿ ಬಸ್ ಹತ್ತಿದಳು.

ಮೇಷ್ಟ್ರ ಮನೆ ಕೇಳಿಕೊಂಡು ಹೋದಾಗ ಅವನೇ ಬಾಗಿಲು ತೆರೆದ. ಮುಖ ಬಾಡಿತ್ತು.

"ಹೊಸ ಸುಳಿ ಬಂದಿದೆ... ಹೇಳೋಣ ಅಂತ..." ಎಂದಳು ತನುಜಾ.

"ಫೋನ್ ಯಾಕೆ ನಿಲ್ಲಿಸಿದ್ರಿ? ನಿಮ್ಮ ನಂಬರೂ ಇಲ್ಲ, ವಿಳಾಸಾನೂ ಗೊತ್ತಿಲ್ಲ..."

"ದೂರ ಇರಿ ಅಂದಿದ್ದು ನೀವೇ ಅಲ್ವಾ?"

"ಅಯ್ಯೋ ಮಾರಾಯ್ತಿ! ಗಿಡದಿಂದ ಅಂದಿದ್ದು! ನನ್ನ ಹೆಂಡತಿ ಹೋದ ಮೇಲೆ ದುಃಖ ತಡೀಲಾರದೆ ದಿನಾ ನೀರು ಸುರಿದು ಅವಳ ಎರಡು ಗಿಡ ಕೊಳೆಸಿಬಿಟ್ಟೆ. ನಿಮಗೂ ಹಾಗಾಗಬಾರದು ಅಂತ..." ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. "ನೀವು ದೂರ ಆದ್ರೆ ಮಾತ್ರ ನನ್ನ ಕೈಲಿ ಆಗಲ್ಲ ತನುಜಾ."

ಅವಳ ಕಣ್ಣು ತುಂಬಿ ಹರಿಯಿತು.

"ಊಟ ಆಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ನಿಮ್ಮದು?"

"ಒಬ್ಬನಿಗೇ ಅಂತ ಅನ್ನ ಇಡೋಕೆ ಮನಸ್ಸು ಬರಲ್ಲ."

ತನುಜಾ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಅಕ್ಕಿ ಎಲ್ಲಿದೆ ಹೇಳಿ. ಇಬ್ಬರಿಗೂ ಇಡ್ತೀನಿ."

"ಇವತ್ತಿಗೆ ಮಾತ್ರಾನಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಇವತ್ತು ನಾನು. ನಾಳೆ ನೀವು!"