ಮೈನಸ್ ಬಿಟ್ಟ ಲೆಕ್ಕ

"ಮೇಡಂ, ನಿಮ್ಮ ಉಪಗ್ರಹ ತಪ್ಪಿಸಿಕೊಂಡು ಹೋಯ್ತು," ಎಂದ ರೂಪೇಶ.

ನಾಗಶ್ರೀ ತಲೆಯೆತ್ತಿದಳು. ಕಾರವಾರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರಿಬ್ಬರೂ ಪರೀಕ್ಷೆಯ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಉಪಗ್ರಹವನ್ನು ಹತ್ತಿರದ ಕಕ್ಷೆಯಿಂದ ದೂರದ ಕಕ್ಷೆಗೆ ಒಯ್ಯಲು ಎಷ್ಟು ಶಕ್ತಿ ಬೇಕು? ಮಾಡಿದಷ್ಟು ಸಲವೂ ಅವಳಿಗೆ ಬೇರೆ ಉತ್ತರ.

"ಎಲ್ಲಿ ತಪ್ಪಿದೆ?"

"ಒಟ್ಟು ಶಕ್ತಿಗೆ ಮೈನಸ್ ಹಾಕ್ಲಿಲ್ಲ. ಮೈನಸ್ ಇದ್ರೆ ತಾನೆ ಭೂಮಿಗೆ ಕಟ್ಟುಬಿದ್ದದ್ದು? ತೆಗೆದ್ರೆ ಹೋದದ್ದೇ, ತಿರುಗಿ ಬರೂದಿಲ್ಲ." ಅವನ ಕಣ್ಣಂಚಿನಲ್ಲಿ ನಗು. "ಮಕ್ಕಳಿಗೆ ಇದಕ್ಕೇ ಅಲ್ವಾ ನೀವು ಬೈಯೂದು?"

ಅವಳು ನಗಲಿಲ್ಲ. ಸೋಮವಾರದಿಂದ ಅವನು ಗೋವಾದ ಕಾಲೇಜಿಗೆ. ಮಾಜಾಳಿಯ ಅವನ ಮನೆಯಿಂದ ಗಡಿ ದಾಟಿದರಾಯಿತು, ದೂರವೇನಲ್ಲ. ಆದರೆ ಈ ಮೇಜಿಗೆ ಇನ್ನು ಬರುವುದಿಲ್ಲ. ಒಣಸಿಗಡಿ ಚಟ್ನಿಯ ಡಬ್ಬಿಯನ್ನು ಸದ್ದಿಲ್ಲದೆ ಅವಳತ್ತ ಸರಿಸುವುದಿಲ್ಲ.

ಹೇಳಬೇಕು. ಹೇಳಬಾರದು. ಬೆಳಗಿನಿಂದ ಸೆರಗಿನ ಪಿನ್ನು ತೆಗೆದು ಚುಚ್ಚಿ, ತೆಗೆದು ಚುಚ್ಚಿ ಬಟ್ಟೆ ತೂತಾಗಿತ್ತು. ತನ್ನನ್ನು ಮೆಚ್ಚಿ ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದವಳಿಗೆ ತಾನೇ ಕೇಳುವುದು ಹೇಗೆಂದು ತಿಳಿಯದು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಾಜಾಳಿಯ ಬಸ್ಸು ಮೊದಲು ಬಂತು.

"ಹೋಗ್ತೆ, ಮೇಡಂ."

ಈ ಕಡೆ ಹೊರಟವರು ಯಾರೂ ಹೋಗ್ತೆ ಎನ್ನುವುದಿಲ್ಲ. ಪಕ್ಕದ ಮನೆಗೆ ಹೊರಟರೂ ಬರ್ತೆ ಎಂದೇ ಹೇಳುತ್ತಾರೆ.

"ಹಾಗೆ ಹೇಳೂದಾ?"

"ಮೈನಸ್ ತೆಗೆದವರು ನೀವು. ನಾ ಮತ್ತೆಂತ ಹೇಳ್ಲಿ?"

ಈಗ ಅವನ ಕಣ್ಣಲ್ಲಿ ನಗುವಿರಲಿಲ್ಲ. ಬಸ್ಸಿನ ಬಾಗಿಲ ಕಂಬಿ ಹಿಡಿದು, ಹತ್ತದೆ ನಿಂತಿದ್ದ. ಅವನೂ ಬೆಳಗಿನಿಂದ ಕಾಯುತ್ತಿದ್ದಾನೆ ಎಂದು ಅವಳಿಗೆ ಹೊಳೆಯಿತು.

ಚೀಲ ತಡಕಿ ಕೆಂಪು ಪೆನ್ನು ತೆಗೆದಳು. ಅವನ ಇನ್ನೊಂದು ಕೈ ಹಿಡಿದು, ಅಂಗೈ ಮೇಲೆ ಸಣ್ಣದೊಂದು ಅಡ್ಡಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

"ಹಾಕಿದೆ," ಎಂದಳು. "ಭಾನುವಾರ ಭಾವಿಕೇರಿಗೆ, ನಮ್ಮನೆಗೆ ಬನ್ನಿ. ಆಯಿಗೆ ನಿಮ್ಮನ್ನು ತೋರಿಸ್ಬೇಕು."

"ನಿಮ್ಮ ಅಮ್ಮ ಎಂತ ಕೇಳ್ತಾರೆ?"

"ಮೀನು ತಂದ್ಯಾ ಕೇಳ್ತಾಳೆ. ಉಳಿದದ್ದು ನಾ ಹೇಳ್ತೆ."

"ಓ ಸರ್, ಹತ್ತೂದಾ, ಇಲ್ಲೇ ನಿಲ್ಲೂದಾ?" ಎಂದ ಕಂಡಕ್ಟರ್.

ರೂಪೇಶ ಅಂಗೈ ಮುಚ್ಚಿಕೊಂಡು ಹತ್ತಿದ. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ, ಅವಳೊಡನೆ ಎಂದೂ ಆಡದ ತನ್ನ ಮನೆಯ ಕೊಂಕಣಿಯಲ್ಲಿ, ಮನೆಯವರಿಗೆ ಬರುತ್ತೇನೆಂದು ಹೇಳಿ ಹೊರಡುವ ಹಾಗೆ, ಮೆಲ್ಲಗೆ ಅಂದ:

"ಯೆತಾ."