ಹತ್ತನೇ ಸ್ಥಾನ ಅವಳದಂತೆ!

"ನಿಲ್ಲಿ! ಒಳಗೆ ಬರಬೇಡಿ! ಕೆಂಪು ದೀಪ ಕಾಣಿಸ್ತಿಲ್ವಾ?"

ಒಳಗಿನಿಂದ ಬಂದ ಕೂಗಿಗೆ ಅವಳ ಕೈ ಬಾಗಿಲ ಹಿಡಿಯ ಮೇಲೆಯೇ ನಿಂತಿತು. ಕೆಂಪು ದೀಪ ಕಾಣಿಸದೆ ಏನು? ಆ ಹೊತ್ತಿಗೆ ಅವಳ ಕಣ್ಣಿಗೆ ಇಡೀ ಆಸ್ಪತ್ರೆಯೇ ಕೆಂಪಾಗಿ ಕಾಣುತ್ತಿತ್ತು!

ದೀಪ ಆರಿತು. ಪೆಟ್ಟಾದ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟಿದ್ದ ಹಿರಿಯರೊಬ್ಬರು ನಿಧಾನಕ್ಕೆ ಹೊರಬಂದರು. ಅವರ ಹಿಂದೆ ಎಕ್ಸ್‌ರೇ ಕೋಣೆಯ ತಂತ್ರಜ್ಞ. ಎತ್ತರದ ಆಳು, ಶಾಂತ ಮುಖ. ಆಸ್ಪತ್ರೆಯಲ್ಲಿ ಅವನಿಗೆ 'ಎಕ್ಸ್‌ರೇ' ಅಂತಲೇ ಹೆಸರು.

"ತುರ್ತು ಕೇಸಾ?"

"ತುರ್ತೇ!" ಎನ್ನುತ್ತ ಅವಳು ಕೈಲಿದ್ದ ಹಾಳೆಯನ್ನು ಅವನ ಮೂಗಿಗೇ ಹಿಡಿದಳು. ಕ್ಯಾಂಟೀನ್ ಬೋರ್ಡಿನಿಂದ ಕಿತ್ತು ತಂದ ಹಾಳೆ. ಮೂಲೆಯಲ್ಲಿ ಪಿನ್ನು ಇನ್ನೂ ಜೋತಾಡುತ್ತಿತ್ತು. "ಇದನ್ನ ಬರೆದ ಮಹಾನುಭಾವರು ತಾವೇನಾ?"

ಅವನು ತಲೆಬರಹ ನೋಡಿದ. 'ಈ ವಾರದ ಅತಿ ದುರ್ಬಲ ಐದು ತಂಡಗಳು'.

"ನಾನೇ."

"ಕೊನೇದು ಓದಿ. ಗಟ್ಟಿಯಾಗಿ!"

ಅವನು ಗಂಟಲು ಸರಿಮಾಡಿಕೊಂಡ. "'ಹತ್ತನೇ ಸ್ಥಾನ: ಫಿಸಿಯೋ ಮೇಡಂ ತಂಡ. ಇದು ತಂಡವಲ್ಲ, ವಾರ್ಡು. ಹತ್ತು ಆಟಗಾರರಲ್ಲಿ ನಾಲ್ವರು ಹಾಸಿಗೆಯಲ್ಲಿ, ಇಬ್ಬರು ಊರುಗೋಲಿನ ಮೇಲೆ. ಇವರನ್ನು ಆಡಿಸಲು ಆರಿಸಿದರೋ, ಆರೈಕೆ ಮಾಡಲೋ, ದೇವರೇ ಬಲ್ಲ.'" ಮುಗಿಸುವಾಗ ಅವನ ತುಟಿಯಂಚು ತುಸು ಅಲುಗಿತು.

ನಗ್ತಿದಾನೆ! ತಾನು ಬರೆದದ್ದಕ್ಕೆ ತಾನೇ ನಗ್ತಿದಾನಲ್ಲ, ಈ ಪುಣ್ಯಾತ್ಮ!

ಆ ಆಸ್ಪತ್ರೆಯಲ್ಲಿ ಹತ್ತು ಜನ ಸೇರಿ ನಡೆಸುತ್ತಿದ್ದ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗ್ ಅದು. ಟೀವಿಯಲ್ಲಿ ನಿಜವಾಗಿ ಆಡುವವರಲ್ಲಿ ಹತ್ತು ಮಂದಿಯನ್ನು ಪ್ರತಿಯೊಬ್ಬರೂ ಆರಿಸಿ ಕಾಗದದ ಮೇಲೊಂದು ತಂಡ ಕಟ್ಟಬೇಕು. ಅವರು ಅಂಗಳದಲ್ಲಿ ಗಳಿಸಿದ್ದೇ ಇವರ ಅಂಕ. ಚೆಂಡನ್ನು ಯಾರೂ ಮುಟ್ಟುವುದಿಲ್ಲ, ಜಗಳಕ್ಕೆ ಮಾತ್ರ ಬರವಿಲ್ಲ. ಔಷಧಿ ಅಂಗಡಿಯ ಹಿರಿಯರು ಇದರ ಅಧ್ಯಕ್ಷರು. ಪ್ರತಿ ಸೋಮವಾರ ಕೆಳಗಿನ ಐದು ತಂಡಗಳ ಮಾನ ಹರಾಜು ಹಾಕುವ ಕೆಲಸ ಎಕ್ಸ್‌ರೇಯದು. ಮುರಿದ ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಆಗಿ ಹೊಸದಾಗಿ ಸೇರಿದ್ದ ಅವಳಿಗೆ ಇದು ಮೊದಲ ಹರಾಜು.

"ಹತ್ತು ತಂಡದಲ್ಲಿ ನಿಮ್ಮ ಅಂಕವೇ ಎಲ್ಲಕ್ಕಿಂತ ಕಮ್ಮಿ ಮೇಡಂ. ನಾನು ಇದ್ದದ್ದನ್ನ ಬರೆದೆ ಅಷ್ಟೇ."

"ಇದ್ದದ್ದಾ? ಮಂಡಿ ಆಪರೇಷನ್ ಆದವನು ಇವತ್ತು ಮಲಗಿದಾನೆ ಅಂದ್ರೆ ಅವನ ಕಥೆ ಮುಗೀತಾ? ನೀವು ಮೂಳೆ ಮುರಿದ ದಿನ ಫೋಟೋ ತೆಗೀತೀರಿ. ಆಮೇಲೆ ಆ ಮನುಷ್ಯ ಏನಾದ ಅಂತ ಯಾವತ್ತಾದ್ರೂ ಎರಡನೇ ಮಹಡಿಗೆ, ನನ್ನ ಕೋಣೆಗೆ ಬಂದು ನೋಡಿದೀರಾ?"

ಅವನು ಹಾಳೆಯನ್ನು ಮತ್ತೊಮ್ಮೆ ನೋಡಿದ.

ಅವಳು ತಿರುಗಿ ಬಾಗಿಲನ್ನು ಜೋರಾಗಿ ಎಳೆದಳು. ಆ ದಪ್ಪ ಬಾಗಿಲು ಧಡಾರನೆ ಬಡಿದುಕೊಳ್ಳಲೂ ಒಪ್ಪದೆ ನಿಧಾನವಾಗಿ, ಮರ್ಯಾದೆಯಿಂದ ಮುಚ್ಚಿಕೊಂಡಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು!

ಮರುದಿನ ಮಧ್ಯಾಹ್ನ ಅವನು ಫಿಸಿಯೋ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಏನು ಬೇಕು?"

"ನೋಡೋಕೆ ಬಂದೆ. ಆಮೇಲೆ ಏನಾಗುತ್ತೆ ಅಂತ."

ಮಂಚದ ಮೇಲೆ ಪ್ರೈಮರಿ ಶಾಲೆಯ ಟೀಚರೊಬ್ಬರು ಕಾಲು ಚಾಚಿ ಕೂತಿದ್ದರು. ಸ್ಕೂಟರಿನಿಂದ ಬಿದ್ದು ಮಂಡಿ ಆಪರೇಷನ್ ಆಗಿ ಐದು ವಾರ. "ಇರ್ಲಿ ಬಿಡಿ ಮೇಡಂ," ಎಂದರು ಅವರೇ. "ನೋಡೋರಿದ್ರೆ ನಾನು ಅಳೋದಿಲ್ಲ."

ಅವನು ಮೂಲೆಯಲ್ಲಿ ಕೂತು ನೋಡಿದ. ಟೀಚರ ಮಂಡಿ ನಿನ್ನೆಗಿಂತ ಒಂದು ಬೆರಳಿನಷ್ಟು ಹೆಚ್ಚು ಮಡಚಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಫಿಸಿಯೋ ಅವರ ಹಿಮ್ಮಡಿ ಹಿಡಿದುಕೊಂಡು, ಬೈಯುತ್ತ, ನಗಿಸುತ್ತ, ಮತ್ತೆ ಬೈಯುತ್ತ ಇದ್ದಳು.

ಹೋಗುವಾಗ ಅವನು ಮೆಲ್ಲಗೆ ಅಂದ, "ಅವರ ಎಕ್ಸ್‌ರೇ ತೆಗೆದದ್ದು ನಾನೇ. ಆ ಕಾಲು ಇಷ್ಟು ಮಡಚುತ್ತೆ ಅಂದ್ಕೊಂಡಿರಲಿಲ್ಲ."

ಆಮೇಲೆ ಅವನು ದಿನಾ ಬರತೊಡಗಿದ, ಊಟದ ಡಬ್ಬಿ ಹಿಡಿದು. ಆದರೆ ಪಟ್ಟಿಯಲ್ಲಿ ಮಾತ್ರ ಎಳ್ಳಷ್ಟೂ ದಾಕ್ಷಿಣ್ಯವಿಲ್ಲ! ಅವಳ ತಂಡ ಮುಂದಿನ ವಾರವೂ ಹತ್ತು. ಅದರ ಮುಂದಿನ ವಾರ ಗಾಯಗೊಂಡಿದ್ದ ಒಬ್ಬ ಆಟಗಾರ ಚೇತರಿಸಿಕೊಂಡು ಅಂಗಳಕ್ಕಿಳಿದ ಮೇಲೆ ಒಂಬತ್ತು.

"ಎಂಟು ಹಾಕ್ಬಹುದಿತ್ತು!"

"ಎಂಟರವರಿಗಿಂತ ನಿಮಗೆ ನಾಲ್ಕು ಅಂಕ ಕಮ್ಮಿ."

"ನನ್ನ ಜೊತೆ ಕೂತು ಊಟ ಮಾಡ್ತೀರಲ್ರೀ, ನಾಚಿಕೆ ಆಗಲ್ವಾ?"

"ಊಟ ಬೇರೆ, ಅಂಕ ಬೇರೆ ಮೇಡಂ."

ಮುಖ ಊದಿಸಿಕೊಂಡಳು. ಒಳಗೊಳಗೇ ಅವಳಿಗೆ ಅದೇ ಇಷ್ಟವಾಯಿತು. ಈ ಮನುಷ್ಯ ಮುಖಸ್ತುತಿಗೆ ಬರೆಯೋನಲ್ಲ...

ಆ ನಂಬಿಕೆಯಿಂದಲೇ ಒಂದು ಮಧ್ಯಾಹ್ನ, ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಾನು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ ಆಡುತ್ತಿದ್ದದ್ದು. ಆಯ್ಕೆ ಪಂದ್ಯದಲ್ಲಿ ಮಂಡಿ ತಿರುಚಿ ಆಪರೇಷನ್ ಆದದ್ದು.

"ಬಾವು ಇಳಿಯೋ ಮೊದಲೇ ಕೋಚ್ ನನ್ನ ಹೆಸರಿನ ಮೇಲೆ ಗೀಟು ಎಳೆದ್ರು. ಆರು ತಿಂಗಳು ಕಾಯಿ ಅಂತ ಒಬ್ಬರೂ ಅನ್ನಲಿಲ್ಲ. ಅಮ್ಮನ್ನ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ."

ಅವನು ತನ್ನ ಡಬ್ಬಿಯನ್ನು ಅವಳ ಕಡೆ ಸರಿಸಿ, ಪಕ್ಕದಲ್ಲೇ ಕೂತಿದ್ದ. ಅವಳಿಗೆ ಎದೆಯ ಮೇಲಿನ ಭಾರವೊಂದು ಇಳಿದಂತಾಯಿತು.

ಸೋಮವಾರ ಬಂತು.

ಟೀಚರು ಅಂದು ಕಾಲು ಚಾಚಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ಯಾಕೆ, ನೋವಾ?"

"ನಿಮ್ಮ ಮಂಡಿಯೇ ಸರಿಹೋಗಲಿಲ್ವಂತೆ," ಎಂದರು ಟೀಚರು. "ಆಟಾನೇ ಬಿಡಬೇಕಾಯ್ತಂತೆ. ಕ್ಯಾಂಟೀನಲ್ಲಿ ಹಾಕಿದಾರೆ. ಮತ್ತೆ ನನಗೆ ಮಾತ್ರ ಸರಿಹೋಗುತ್ತೆ ಅಂತ ದಿನಾ ಯಾಕೆ ಹೇಳಿದ್ರಿ?"

ಕ್ಯಾಂಟೀನಲ್ಲಿ? ನನ್ನ ಮಂಡಿ? ಅವನು...!

ಆದರೆ ಎದುರಿಗೆ ಕೂತವರು ಅವಳ ರೋಗಿ. ಅವಳು ಬಗ್ಗಿ ತನ್ನ ಪ್ಯಾಂಟಿನ ಅಂಚನ್ನು ಮಂಡಿಯ ಮೇಲಕ್ಕೆ ಮಡಚಿದಳು. ಗೇಣುದ್ದದ ಬಿಳಿಯ ಗಾಯದ ಗುರುತು.

"ನೋಡಿ. ಕಾಯೋಕೆ ಯಾರೂ ಇರಲಿಲ್ಲ, ಅದಕ್ಕೆ ಆಟ ಹೋಯ್ತು. ಕಾಲು ಹೋಗಲಿಲ್ಲ. ಚಳಿ ಬಂದ್ರೆ ನೋಯುತ್ತೆ, ಸುಳ್ಳು ಹೇಳಲ್ಲ. ಆದ್ರೂ ದಿನಾ ಎರಡು ಮಹಡಿ ಹತ್ತಿ ಬರ್ತೀನಿ. ಏಳಿ, ಕೈ ಹಿಡ್ಕೊಳ್ಳಿ."

ಇಬ್ಬರೂ ಮೆಟ್ಟಿಲ ಬಳಿಗೆ ಹೋದರು. ಒಂದು... ಎರಡು... ಮೂರು. ನಾಲ್ಕನೆಯದರಲ್ಲಿ ಟೀಚರು ಮೆಟ್ಟಿಲ ಕಂಬಿ ಹಿಡಿದು ಅತ್ತೇಬಿಟ್ಟರು. ಸಂತೋಷಕ್ಕೆ.

ಅವರನ್ನು ಮನೆಗೆ ಕಳಿಸಿದ ಮೇಲೆಯೇ ಅವಳು ಕ್ಯಾಂಟೀನಿಗೆ ಹೋದದ್ದು. 'ಎಂಟನೇ ಸ್ಥಾನ: ಫಿಸಿಯೋ ಮೇಡಂ ತಂಡ. ನಾವೆಲ್ಲ ನಕ್ಕೆವು, ಮೊದಲು ನಕ್ಕವನು ನಾನು. ಆದರೆ ಸ್ವಂತ ಮಂಡಿಗೆ ಪೆಟ್ಟಾಗಿ ತಂಡದಿಂದ ಹೊರಬಿದ್ದವರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ...'

ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ಅವನೇ. ಮುಖದಲ್ಲಿ ಏನೋ ನಿರೀಕ್ಷೆ. "ಓದಿದ್ರಾ? ಈ ಸಲ..."

"ಇದನ್ನ ಬರೀಬಹುದಾ ಅಂತ ನನ್ನ ಕೇಳಿದ್ರಾ?"

ಅವಳ ದನಿ ಏರಲಿಲ್ಲ. ಅದೇ ಅವನನ್ನು ಹೆದರಿಸಿತು.

"ನಾನು... ಹೊಗಳಿ ಬರೆದೆ. ಎಲ್ರಿಗೂ ನಿಮ್ಮ ಬೆಲೆ ಗೊತ್ತಾಗ್ಲಿ ಅಂತ."

"ಹೊಗಳಿಕೆಯೇ ಇರ್ಲಿ! ಅದು ನನ್ನ ಮಾತು. ಯಾರಿಗೆ, ಯಾವಾಗ ಹೇಳ್ಬೇಕು ಅನ್ನೋದು ನನ್ನಿಷ್ಟ. ನಿಮಗೆ ಹೇಳಿದ್ದು ಮನುಷ್ಯ ಅಂದ್ಕೊಂಡು. ಬೋರ್ಡಿಗೆ ಅಂಟಿಸೋಕಲ್ಲ!"

"ತಪ್ಪಾಯ್ತು," ಎಂದ.

ಅವಳು ಅವನನ್ನು ದಾಟಿ ಹೊರಟಳು.

ಹಾಳೆ ಅಂದೇ ಬೋರ್ಡಿನಿಂದ ಹೋಯಿತು. ಮುಂದಿನ ಸೋಮವಾರ ಪಟ್ಟಿ ಬರಲಿಲ್ಲ. ಅದರಾಚೆಯದೂ ಇಲ್ಲ. ಅವನೂ ಎರಡನೇ ಮಹಡಿಗೆ ಬರಲಿಲ್ಲ. ಬರದಿದ್ದರೆ ಬೇಡ, ಯಾರಿಗೆ ಬೇಕಾಗಿದೆ! ಎಂದುಕೊಂಡಳು. ಎಂದುಕೊಂಡ ಮೇಲೂ ಮಧ್ಯಾಹ್ನವಾದರೆ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಮೂರನೇ ವಾರ ಅಧ್ಯಕ್ಷರು ಔಷಧಿ ಕಿಟಕಿಯಿಂದಲೇ ಅವಳನ್ನು ಕರೆದರು. "ಅಲ್ಲಮ್ಮಾ, ನಿಮ್ಮಿಬ್ಬರ ಜಗಳದಲ್ಲಿ ನಮ್ಮ ಸೋಮವಾರ ಹಾಳಾಯ್ತಲ್ಲ!"

"ನನ್ನಿಂದ ಏನ್ರೀ ಹಾಳು? ಬರೀಬೇಡಿ ಅಂತ ನಾನಂದ್ನಾ?"

"ಅವನು ತಪ್ಪು ನಂದು ಅಂತಾನೆ, ಅಷ್ಟೇ. ನಿನ್ನ ಮಂಡಿ ವಿಚಾರಾನ ಒಂದಿಬ್ಬರು ಅವನ ಹತ್ರ ಕೆದಕಿದ್ರು. 'ಅದನ್ನ ಕೇಳೋ ಹಕ್ಕು ನಿಮಗಿಲ್ಲ, ಹೇಳೋ ಹಕ್ಕು ನನಗಿರಲಿಲ್ಲ' ಅಂದ್ಬಿಟ್ಟ. ಅದಾದ್ಮೇಲೆ ಯಾರೂ ಬಾಯಿ ಬಿಟ್ಟಿಲ್ಲ."

ಅವಳ ಎದೆ ಒಂದು ಕ್ಷಣ ಕರಗಿತು. ಮರುಕ್ಷಣ ಮೊದಲಿಗಿಂತ ಹೆಚ್ಚು ಕುದಿಯಿತು. ಊರಿಗೆಲ್ಲ ಹೇಳ್ತಾನೆ, ಅದನ್ನ ನನ್ನ ಹತ್ರ ಬಂದು ಹೇಳೋಕೆ ಬಾಯಿಲ್ವಾ?

ಸಂಜೆ ಮನೆಯಲ್ಲಿ ಅದನ್ನೇ ಕೂಗಾಡಿದಳು. ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು. ಪೋಣಿಸಿ ಆಯಿತು. ಮಗಳ ಕೂಗಾಟ ಮುಗಿಯಲಿಲ್ಲ.

"ಆ ಕೋಚನ್ನ ನೀನು ಎಷ್ಟು ದಿನ ಬೈದೆ?" ಎಂದಳು ಅಮ್ಮ.

"ಅವನನ್ನ ಯಾಕೆ ಬೈಲಿ? ಒಂದೇ ದಿನಕ್ಕೆ ಮನಸ್ಸಿಂದ ಕಿತ್ತು ಹಾಕ್ದೆ."

"ಇವನನ್ನ ಮೂರು ವಾರದಿಂದ ಬೈತಿದೀಯ. ಬೆಳಿಗ್ಗೆ ಶುರು ಮಾಡಿದ್ರೆ ದೀಪ ಹಚ್ಚೋವರೆಗೂ. ಅಷ್ಟು ದಿನ ಇರೋದು ಬರೀ ಸಿಟ್ಟಲ್ಲ ಕಣೇ."

"ಅಮ್ಮಾ!"

"ನನ್ನ ಮೇಲೆ ರೇಗ್ಬೇಡ. ಹೋಗಿ ಅವನ ಮೇಲೆ ರೇಗು."

ಸೋಮವಾರ ಬೆಳಿಗ್ಗೆ ಬೋರ್ಡಿನ ಮುಂದೆ ಜನವೋ ಜನ. ಪಟ್ಟಿ ಬಂದಿತ್ತು! ಕೈಬರಹ ಮಾತ್ರ ಬೇರೆ.

'ಈ ವಾರದ ಅತಿ ದುರ್ಬಲ ತಂಡ ಒಂದೇ. ಎಕ್ಸ್‌ರೇ ತಂಡ. ಅಂಕದಲ್ಲಿ ಮೂರನೇದಾದರೂ ನನ್ನ ಲೆಕ್ಕದಲ್ಲಿ ಹತ್ತನೇದು. ಕಾರಣ: ಯಜಮಾನ ತಪ್ಪು ಮಾಡಿದ, ಒಪ್ಪಿಕೊಂಡ, ಆಮೇಲೆ ಅಂಗಳ ಬಿಟ್ಟು ಓಡಿದ. ಪೆಟ್ಟು ಬಿದ್ದ ಮೇಲೆ ವಾಪಸ್ ಬರಲಾರದವನ ತಂಡ ಎಷ್ಟು ಗೆದ್ದರೇನು? ಬರೆದವಳು: ಫಿಸಿಯೋ.'

ಮಧ್ಯಾಹ್ನ ಅವಳು ಒಬ್ಬಳೇ ಚಾಪೆ ಸುತ್ತುತ್ತಿದ್ದಾಗ ಅವನು ಬಂದ. ಮೆಟ್ಟಿಲನ್ನು ಓಡುತ್ತಲೇ ಹತ್ತಿರಬೇಕು, ಏದುಸಿರು ಬಿಡುತ್ತಿದ್ದ.

"ಮೂರನೇ ಸ್ಥಾನದವನನ್ನ ಹತ್ತಕ್ಕೆ ಹಾಕಿದೀರಿ. ಇದು ಅನ್ಯಾಯ."

"ಅನ್ಯಾಯಾನೇ. ಏನೀಗ?"

"ಏನಿಲ್ಲ..." ಅವನು ತಲೆ ತಗ್ಗಿಸಿದ. "ನಿಮ್ಮ ಮುಂದೆ ಬರೋ ಯೋಗ್ಯತೆ ಕಳ್ಕೊಂಡೆ ಅಂದ್ಕೊಂಡೆ. ದೂರ ಇದ್ರೆ ನಿಮಗೆ ನೆಮ್ಮದಿ ಅಂತ..."

ಚಾಪೆ ಅವಳ ಕೈಯಿಂದ ಜಾರಿತು.

"ಅದನ್ನೂ ನೀವೇ ತೀರ್ಮಾನ ಮಾಡಿಬಿಟ್ರಾ? ನನ್ನ ಮಾತನ್ನ ನನ್ನ ಕೇಳದೆ ಬರೆದ್ರಿ. ನನ್ನ ನೆಮ್ಮದಿ ಏನು ಅಂತಾನೂ ನನ್ನ ಕೇಳದೆ...! ಮೂರು ವಾರ! ಮೂರು ವಾರ ಆ ಖಾಲಿ ಮೂಲೆ ನೋಡ್ಕೊಂಡು ಊಟ ಮಾಡಿದೀನಿ ಕಣೋ! ನಿನಗೆ ಒಂಚೂರಾದ್ರೂ..."

ಅವಳು ಥಟ್ಟನೆ ನಿಂತಳು. ಕಣೋ. ನಿನಗೆ. ಬಾಯಿ ಜಾರಿಬಿಟ್ಟಿತ್ತು.

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು.

"ಈ ಸಲ ಕೇಳ್ತೀನಿ. ನಾನು ಇಲ್ಲಿ ಇರಬಹುದಾ?"

"...ಊಟದ ಹೊತ್ತಿಗಾ?"

"ಊಟದ ಹೊತ್ತಿಗೆ. ಆಮೇಲೂ. ನೀವು ಇರು ಅನ್ನೋಷ್ಟು ದಿನವೂ." ಉಸಿರು ಎಳೆದುಕೊಂಡ. "ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ನಿಮಗೇ ಮೊದಲು."

ಅವಳು ಗೋಡೆಯ ಕಡೆ ತಿರುಗಿಕೊಂಡಳು. ಅವನು ಒಂದು ಹೆಜ್ಜೆ ಮುಂದಿಟ್ಟು, ಅಲ್ಲೇ ತಡೆದು ನಿಂತ.

"ಅಳ್ತಿದೀರಾ?"

"ಇಲ್ಲ. ಸಿಟ್ಟು!"

"ಇನ್ನೂ ಇದೆಯಾ?"

"ಬೇಕಾದಷ್ಟಿದೆ." ಅವಳು ಕೆನ್ನೆ ಒರೆಸಿಕೊಂಡು, ಅವನ ಕೈ ಹಿಡಿದೆಳೆದು ಮಂಚದ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿದಳು. "ಕೂತ್ಕೋ. ಒಂದೊಂದಾಗಿ ಹೇಳ್ತೀನಿ."

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

"ಹೇಳು," ಎಂದ ಅವನು.