ದಿನಕ್ಕೊಂದು ಪ್ರಕಟಣೆ

ಗುಮಾಸ್ತ ಸಂಜೆ ನಾಲ್ಕಕ್ಕೆ ಬರುತ್ತಿದ್ದ. ಕಡಲ ಗಾಳಿಗೆ ಕೆದರಿದ ಕೂದಲನ್ನು ಮೂರು ಸಲ ಸವರಿಕೊಂಡು, ಕೈಯಲ್ಲಿ ಒಂದೇ ಒಂದು ಕಾಗದ ಹಿಡಿದು, ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಿದ್ದ.

"ಇವತ್ತು ಏನು ಸಮಾಚಾರ ಗುಮಾಸ್ತರೇ?"

"ನಲ್ಲಿ ನೀರು ಬಿಡೋ ಸಮಯ ಬದಲಾಗಿದೆ, ಸಂಪಾದಕರೇ."

"ನಿನ್ನೆ ಬೀದಿ ದೀಪ, ಮೊನ್ನೆ ನಾಯಿಗಳಿಗೆ ಲಸಿಕೆ. ಎಲ್ಲಾ ಒಟ್ಟಿಗೆ ತಂದ್ರೆ ನಿಮ್ಮ ಗಂಟೇನಾದ್ರೂ ಹೋಗುತ್ತಾ?"

"ಒಟ್ಟಿಗೆ ಬಂದ್ರೆ ತಾನೇ ತರೋದು? ಸಾಹೇಬರು ದಿನಕ್ಕೊಂದೇ ಸಹಿ ಹಾಕ್ತಾರೆ."

ಒಳಗಿನಿಂದ ಅವ್ವನ ದನಿ ಬರುತ್ತಿತ್ತು. "ಗುಮಾಸ್ತನಾ? ಕೆಮ್ಮು ಕೇಳಿಸ್ತು. ಪಾಪ, ಔಷಧಿಗೆ ಬಗ್ಗೋ ಕೆಮ್ಮಲ್ಲ ಬಿಡು ಅದು."

ಅವನ ಕಿವಿ ಕೆಂಪಾಗುತ್ತಿತ್ತು. ಸಂಪಾದಕಿ ಮಸಿ ಮೆತ್ತಿದ ಕೈಯಲ್ಲೇ ಕಾಗದ ತೆಗೆದುಕೊಂಡು, ಓದುವ ನೆಪದಲ್ಲಿ ಮುಖ ಮರೆಸಿಕೊಳ್ಳುತ್ತಿದ್ದಳು.

ಅವನು ಹೇಳುತ್ತಿದ್ದದ್ದು ಶುದ್ಧ ಸುಳ್ಳು. ಒಂದು ಕಟ್ಟಿನ ಕಾಗದಗಳೆಲ್ಲದರ ಮೇಲೆ, ಸಹಿಯ ಕೆಳಗೆ, ಒಂದೇ ತಾರೀಖು ಇರುತ್ತಿತ್ತು. ಮೊದಲ ತಿಂಗಳೇ ಅವಳು ಅದನ್ನು ನೋಡಿದ್ದಳು, ನೋಡಿಯೂ ಕೇಳಲಿಲ್ಲ. ಕೇಳಿದರೆ ಪಾಪದವನು ಹೆದರಿ ಎಲ್ಲವನ್ನೂ ಒಟ್ಟಿಗೆ ತಂದುಬಿಡುತ್ತಾನೆ. ಆಮೇಲೆ ಮಿಕ್ಕ ದಿನಗಳ ನಾಲ್ಕು ಗಂಟೆಯನ್ನು ಏನು ಮಾಡುವುದು?

ಆ ಊರಿನ ಸುದ್ದಿಯೆಲ್ಲ ಅವಳು ಅಚ್ಚು ಹಾಕುವ ವಾರದ ಹಾಳೆಯಲ್ಲೇ. ಅಪ್ಪ ಶುರು ಮಾಡಿದ್ದು, ಅಪ್ಪ ಹೋದ ಮೇಲೆ ಅವಳದಾಯಿತು. ಶುಕ್ರವಾರ ಬೆಳಿಗ್ಗೆ ಅಚ್ಚಾಗಿ, ಶನಿವಾರ ಮನೆಮನೆಗೆ ಹೋಗುತ್ತಿತ್ತು. ಹುಟ್ಟು, ಸಾವು, ಮಾರಾಟಕ್ಕಿರುವ ದೋಣಿ, ಕಳೆದುಹೋದ ಮೇಕೆ, ಎಲ್ಲಕ್ಕೂ ಜಾಗವಿತ್ತು. ಜನ ಅವಳನ್ನು ಹಾಳೆಯಕ್ಕ ಎಂದೇ ಕರೆಯುತ್ತಿದ್ದರು. ಪಂಚಾಯಿತಿ ಕಚೇರಿಯ ಫಲಕಕ್ಕೆ ಅಂಟಿಸಿದ ಯಾವುದನ್ನೂ ಗಾಳಿ ಎರಡು ದಿನ ಉಳಿಸುತ್ತಿರಲಿಲ್ಲವಾದ್ದರಿಂದ, ಪ್ರಕಟಣೆಗಳು ಹಾಳೆಯಲ್ಲಿ ಬರಲೇಬೇಕೆಂಬುದು ನಿಯಮ. ಮುದ್ರಣದ ಕೋಣೆ ಎಂದರೆ ಅವಳ ಮನೆಯ ಮುಂಗೋಣೆ. ಮನೆ ಇದ್ದದ್ದು ಕಡಲ ಬದಿಯ ಓಣಿಯಲ್ಲಿ, ಮೂರನೆಯದು.

ಆ ಮಂಗಳವಾರವೂ ಅವನು ಬಂದ. ಮೋಡ ಮುಚ್ಚಿಕೊಂಡು ಮಧ್ಯಾಹ್ನವೇ ಕತ್ತಲಾದ ಹಾಗಿತ್ತು. ಕಾಗದ ಕೊಟ್ಟವನು ಹೋಗದೆ, ತನ್ನ ಮೂಗಿನ ತುದಿ ಮುಟ್ಟಿ ತೋರಿಸಿದ.

"ಏನು?"

"ಮಸಿ. ಇನ್ನೂ ಸ್ವಲ್ಪ ಎಡಕ್ಕೆ. ಬೇಡ ಬಿಡಿ, ಚೆನ್ನಾಗೇ ಇದೆ."

ಅವಳು ನಗುತ್ತಲೇ ಕಾಗದ ಬಿಚ್ಚಿದಳು. ಕಡಲ ಬದಿಯ ಓಣಿಯ ಹದಿನೇಳು ಮನೆಗಳನ್ನು ತೆರವು ಮಾಡಿ ತಡೆಗೋಡೆ ಕಟ್ಟಲಾಗುವುದು. ಆಕ್ಷೇಪಣೆ ಇದ್ದವರು ಸಹಿಯಾದ ದಿನದಿಂದ ಹದಿನೈದು ದಿನದೊಳಗೆ ಬರೆದು ಸಲ್ಲಿಸತಕ್ಕದ್ದು. ಸಹಿಯ ಕೆಳಗಿದ್ದದ್ದು ಒಂದನೇ ತಾರೀಖು.

"ಇವತ್ತು ಎಷ್ಟನೇ ತಾರೀಖು?"

"ಹದಿನಾರು. ಯಾಕೆ?"

"ಇದನ್ನ ಓದಿದ್ರಾ ನೀವು?"

"ಇಲ್ಲ. ಈ ಸಲ ಹನ್ನೆರಡು ಇತ್ತು. ಕಟ್ಟಿನ ಮೇಲಿಂದ ಒಂದೊಂದೇ ತೆಗೆದು..." ಅವನು ಅವಳ ಕೈಯಿಂದ ಕಾಗದ ಇಸಿದುಕೊಂಡು ಓದಿದ, ಮತ್ತೆ ಮೊದಲಿಂದ ಓದಿದ.

"ಹದಿನೇಳು ಮನೆ ಗುಮಾಸ್ತರೇ," ಎಂದಳು ಅವಳು. "ನಮ್ಮವ್ವ ಮಂಚದಿಂದ ಬಾಗಿಲಿಗೆ ಬರೋಕೇ ಗೋಡೆ ಹಿಡ್ಕೋತಾಳೆ. ಎಲ್ಲಿಗೆ ಕರ್ಕೊಂಡು ಹೋಗ್ಲಿ? ಹೋಗಿ ಇಲ್ಲಿಂದ."

ಅವನು ಹೋದ. ಅವನನ್ನು ಬೈದದ್ದು ಸುಲಭವಾಗಿತ್ತು. ತನ್ನನ್ನು ಬೈದುಕೊಳ್ಳುವುದು ಬಾಕಿ ಇತ್ತು. ಅದನ್ನು ಅವಳು ಹಳೆಯ ಪ್ರಕಟಣೆಗಳ ಫೈಲು ಬಿಚ್ಚಿ, ಒಂದೊಂದೇ ತಾರೀಖು ನೋಡುತ್ತಾ ಮಾಡಿದಳು.

ಬುಧವಾರ ಬಲೆ ಹೆಣೆಯುವ ದೊಡ್ಡಪ್ಪ ಅವಳಿಂದ ವಿಷಯ ತಿಳಿದು ಓಣಿಯ ಪರವಾಗಿ ಕಚೇರಿಗೆ ಹೋಗಿ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸು ಬಂದ. "ಗಡುವು ಮುಗೀತಂತೆ ಮಗಾ. ಹಾಳೆಯಲ್ಲಿ ಬರದೇ ಹೋದ್ರೆ ಅದು ಹಾಳೆ ತಪ್ಪಂತೆ, ಕಚೇರೀದಲ್ಲವಂತೆ." ಅವನು ಅವಳನ್ನು ದೂರಲಿಲ್ಲ. ಹೊಸ್ತಿಲ ಮೇಲೆ ಕೂತು, ಆಗಲೇ ಕಳೆದುಹೋದದ್ದನ್ನು ನೋಡುವವನಂತೆ ಓಣಿಯನ್ನು ನೋಡಿದ. ದೂರಿದ್ದರೆ ಎಷ್ಟೋ ವಾಸಿಯಿತ್ತು.

ಗುರುವಾರ ನಾಲ್ಕಕ್ಕೆ ಗುಮಾಸ್ತ ಕೆಮ್ಮದೆ ಒಳಗೆ ಬಂದ. ಕೈಯಲ್ಲಿ ಕಾಗದವಿತ್ತು, ಈ ಸಲ ಅವನದೇ ಕೈಬರಹ.

"ನಾಳೆ ಇದು ಅಚ್ಚಾಗ್ಬೇಕು. ಕಚೇರಿ ಕಡೆಯಿಂದ ತಪ್ಪಾಗಿದ್ರೆ ಮಾತ್ರ ಗಡುವು ಮತ್ತೆ ಶುರುವಾಗುತ್ತೆ. ನಿಯಮ ಹಾಗಿದೆ, ನೋಡಿದ್ದೀನಿ."

"ಯಂತ್ರ ಕೆಟ್ಟಿತ್ತು ಅಂತ ನಾನೇ ಬರೀತೀನಿ."

"ಅದು ಹಾಳೆ ತಪ್ಪಾಯ್ತು. ಮನೆಗಳೂ ಉಳಿಯಲ್ಲ, ನಿಮ್ಮ ಮಾತೂ ಉಳಿಯಲ್ಲ."

"ನಿಮ್ಮ ಕೆಲಸ ಹೋಗುತ್ತೆ."

"ಹೋಗುತ್ತೆ."

ಅವಳು ಓದಿದಳು. *ಪ್ರಕಟಣೆಗಳನ್ನು ಒಟ್ಟಿಗೆ ತಲುಪಿಸದೆ ದಿನಕ್ಕೊಂದರಂತೆ ಕೊಟ್ಟು ತಡ ಮಾಡಿದವನು ನಾನು. ಇದರಲ್ಲಿ ಮುದ್ರಕರ ತಪ್ಪಿಲ್ಲ. ತಡವಾದುದಕ್ಕೆ ಕಾರಣ:* ಅಲ್ಲಿ ಖಾಲಿ ಬಿಟ್ಟಿದ್ದ.

"ಕಾರಣ ಬರೆದಿಲ್ಲ."

"ಏನು ಬರೀಬೇಕು ಅಂತ ತಿಳೀಲಿಲ್ಲ."

"ಕಾರಣ ಇಲ್ದೆ ಸಾಹೇಬರು ಒಪ್ಪಲ್ಲ," ಎಂದು ಅವಳು ಪೆನ್ನು ಚಾಚಿದಳು.

ಅವನು ಪೆನ್ನು ತೆಗೆದುಕೊಂಡ. ಆಮೇಲೆ ಮೇಜಿನ ಮೇಲೆ ಬಗ್ಗಿ, ಕಚೇರಿಯ ದುಂಡು ಅಕ್ಷರಗಳಲ್ಲಿ ಬರೆದ: *ಸಂಪಾದಕಿಯನ್ನು ದಿನವೂ ನೋಡಬೇಕೆಂಬ ಆಸೆ.* ಕೆಳಗೆ ಸಹಿ ಹಾಕಿ, ತಾರೀಖು ಬರೆದ.

ಇಷ್ಟು ದಿನ ಈ ಮಾತಿಗೆ ಕಾದಿದ್ದ ಅವಳಿಗೆ, ಅದು ಬಂದಾಗ ಅಳು ಬಂತು.

ಶನಿವಾರ ಬೆಳಿಗ್ಗೆ ಅವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದೇ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಹೇಳಿಕೆಯ ಪ್ರತಿ ಕೈಗೆ ಬಂದ ಗುರುವಾರ ಸಂಜೆಯೇ ಸಾಹೇಬರು ಅವನನ್ನು ಕೆಲಸದಿಂದ ತೆಗೆದಿದ್ದರು, ಅವನಿದ್ದ ಕಚೇರಿಯ ಹಿಂದಿನ ಕೋಣೆಯನ್ನೂ ಖಾಲಿ ಮಾಡಿಸಿದ್ದರು. ಅವಳು ಆ ವಾರದ ಹಾಳೆ ಹಿಡಿದು ಬಂದಳು.

"ಇಲ್ಲೇ ಇರಬಹುದಲ್ಲ."

"ಹದಿನೇಳು ಮನೆಯವರ ಮುಖ ಹೇಗೆ ನೋಡ್ಲಿ? ನಿನ್ನೆ ದೊಡ್ಡಪ್ಪ ಎದುರಿಗೆ ಸಿಕ್ಕಿ 'ಊಟ ಆಯ್ತಾ' ಅಂತ ಕೇಳಿದ್ರು. ನಾನು ಬೇರೆ ಬೀದಿಗೆ ತಿರುಗಿಬಿಟ್ಟೆ."

ಅವ್ವನನ್ನೂ ಹಾಳೆಯನ್ನೂ ಬಿಟ್ಟು ತಾನು ಬರುವ ಹಾಗಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು. ಮೊದಲ ಪುಟದಲ್ಲೇ ಅವನ ಹೇಳಿಕೆ ಇತ್ತು. ಅದರ ಕೆಳಗೆ ಅವನು ಬರೆಯದ ಸಾಲುಗಳಿದ್ದವು.

*ಕಾಗದಗಳ ಮೇಲೆಲ್ಲ ಒಂದೇ ತಾರೀಖು ಇದ್ದದ್ದನ್ನು ಈ ಹಾಳೆಯ ಸಂಪಾದಕಿ ಮೊದಲಿಂದಲೂ ನೋಡಿದ್ದಳು. ಗೊತ್ತಿದ್ದೂ ಕೇಳಲಿಲ್ಲ. ಓಣಿಯವರು ಅವಳನ್ನೂ ಕ್ಷಮಿಸಬೇಕು. ಕಾರಣ: ಅವಳದೂ ಅದೇ.*

ಅವನು ಓದಿ ತಲೆ ಎತ್ತಿದ. "ಇದನ್ನ ಊರೆಲ್ಲಾ ಓದುತ್ತೆ."

"ಓದ್ಲಿ. ಸುದ್ದಿ ತಾನೇ?"

ಬಸ್ಸು ಬಂತು. ಅವನು ಮಸಿಯಾದ ಅವಳ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ. "ಎಲ್ಲಾದ್ರೂ ನೆಲೆ ಸಿಕ್ಕಿದ ಮೇಲೆ ಕಾಗದ ಬರೀತೀನಿ."

"ಎಲ್ಲಾ ಒಟ್ಟಿಗೆ ಬರೆದು ಮುಗಿಸ್ಬೇಡಿ," ಎಂದಳು. ನಗಲು ನೋಡಿದಳು, ಆಗಲಿಲ್ಲ.

ಕಚೇರಿಯವನೇ ತಪ್ಪೊಪ್ಪಿಕೊಂಡಿದ್ದರಿಂದ ಗಡುವು ಮತ್ತೆ ಹದಿನೈದು ದಿನಕ್ಕೆ ತೆರೆಯಿತು. ಮನೆಗಳು ಉಳಿಯುತ್ತವೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಭಾನುವಾರವಿಡೀ ಓಣಿಯವರು ಅವಳ ಮುಂಗೋಣೆಯಲ್ಲಿ ಕೂತು ಆಕ್ಷೇಪಣೆ ಬರೆಸಿಕೊಂಡರು. ಕೆಲವರು ಅವಳ ಮುಖ ನೋಡದೆ ಸಹಿ ಹಾಕಿ ಹೋದರು. ದೊಡ್ಡಪ್ಪ ಮಾತ್ರ ಹೋಗುವಾಗ ಅವಳ ತಲೆ ಸವರಿದ.

ಸೋಮವಾರ ಬೆಳಿಗ್ಗೆ ಹತ್ತಕ್ಕೇ ಹೊಸ ಗುಮಾಸ್ತ ಬಂದ. ವಾರದ ಪ್ರಕಟಣೆಗಳನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ ತಂದಿದ್ದ. ಮೇಜಿನ ಮೇಲಿಟ್ಟು, ಪುಸ್ತಕದಲ್ಲಿ ಅವಳ ಸಹಿ ಪಡೆದು, ನಿಲ್ಲದೆ ಹೊರಟುಹೋದ.